ಎಂಟನೆಯ ಸೆಲ್

"ಹತ್ತು ನಿಮಿಷ," ಎಂದಳು ಅನುವಾದಕರ ತಂಗಿ, ಬಾಗಿಲಿಗೆ ಅಡ್ಡ ನಿಂತುಕೊಂಡೇ. "ಹನ್ನೊಂದನೇ ನಿಮಿಷಕ್ಕೆ ನಾನೇ ನಿಮ್ಮನ್ನ ಮೆಟ್ಟಿಲಿಳಿಸ್ತೀನಿ."

"ಐದು ಸಾಕು ತಾಯಿ, ಒಳಗೆ ಬಿಡಿ," ಎಂದೆ. ಐದು ಸುತರಾಂ ಸಾಲದು ಎಂದು ನನಗೇ ಗೊತ್ತಿತ್ತು.

ಮೂರು ದಿನಗಳ ಹಿಂದೆ, ಮಟಮಟ ಮಧ್ಯಾಹ್ನ, ಈ ಕೋಣೆಯಲ್ಲಿ ಬೆಂಕಿ ಬಿದ್ದು ಅನುವಾದಕರು ಹೊಗೆ ಕುಡಿದು ಸತ್ತರು. ಅವರ ಲ್ಯಾಪ್‌ಟಾಪಿಗೆ ಆ ವಾರವಷ್ಟೇ ಹೊಸ ಬ್ಯಾಟರಿ ಹಾಕಿದ್ದ ನನ್ನ ತಮ್ಮ ಈಗ ಲಾಕಪ್ಪಿನಲ್ಲಿದ್ದಾನೆ. ನಾಲ್ಕು ಗಂಟೆಗೆ ನ್ಯಾಯಾಧೀಶರ ಮುಂದೆ ನಿಂತು ತನ್ನದೇ ನಿರ್ಲಕ್ಷ್ಯ ಎಂದು ಒಪ್ಪಿಕೊಳ್ಳುತ್ತಾನಂತೆ. ನನ್ನ ಗಡಿಯಾರದಲ್ಲಿ ಆಗಲೇ ಒಂದೂ ಇಪ್ಪತ್ತು.

ಬೆಳಿಗ್ಗೆ ಲಾಕಪ್ಪಿನ ಕಂಬಿ ಹಿಡಿದುಕೊಂಡು, ಒಪ್ಪಿಕೊಳ್ಳಬೇಡ ಎಂದು ಬಾಯಿ ಬಡಿದುಕೊಂಡೆ. ಅವನದು ಒಂದೇ ರಾಗ. "ನನ್ನ ಕೈತಪ್ಪು ಅಕ್ಕ. ಸಹಿ ಹಾಕ್ತೀನಿ. ನೀನು ಮನೆಗೆ ಹೋಗು."

ಇಪ್ಪತ್ತೆರಡು ವರ್ಷ ರಿಪೇರಿ ಮೇಜಿನ ಮುಂದೆ ಕೂತವನು. ಗಿರಾಕಿಯ ಲ್ಯಾಪ್‌ಟಾಪಿನ ಮೇಲೆ ಉಗುರಿನ ಗೀರು ಬಿದ್ದರೂ ಫೋನ್ ಮಾಡಿ ಕ್ಷಮೆ ಕೇಳುವ ಪೆದ್ದ. ಅವನು ಹಾಕಿದ ಬ್ಯಾಟರಿ ನಾಲ್ಕೇ ದಿನಕ್ಕೆ ಸಿಡಿಯಿತು ಎಂದರೆ ಯಾರು ಬೇಕಾದರೂ ನಂಬಲಿ, ನಾನು ನಂಬಲಾರೆ. ನಾನೇನು ಪೊಲೀಸಿನವಳಲ್ಲ, ಪತ್ತೇದಾರಿಣಿಯೂ ಅಲ್ಲ. ಅದೇ ಅಂಗಡಿಯ ಮುಂದಿನ ಮೇಜಿನಲ್ಲಿ ಕೂತು ಗಿರಾಕಿಗಳಿಗೆ ಬೈಯುವವಳು. ಆದರೆ ಬ್ಯಾಟರಿ ಹೇಗೆ ಸಾಯುತ್ತದೆ ಎನ್ನುವುದು ಈ ಊರಿನ ಪೊಲೀಸರೆಲ್ಲರಿಗಿಂತ ನನಗೆ ಚೆನ್ನಾಗಿ ಗೊತ್ತು.

ಕೋಣೆಯಲ್ಲಿ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಇನ್ನೂ ಮೂಗಿಗೆ ಹೊಡೆಯುತ್ತಿತ್ತು. ಮಂಚ, ಪುಸ್ತಕದ ಕಪಾಟು, ಕಿಟಕಿಯ ಪಕ್ಕ ಮರದ ಮೇಜು. ಲ್ಯಾಪ್‌ಟಾಪನ್ನು ಪೊಲೀಸರು ಒಯ್ದಿದ್ದರು. ಉಳಿದದ್ದನ್ನು ಯಾರೂ ಗುಡಿಸಿರಲಿಲ್ಲ. ಅಗ್ನಿಶಾಮಕದವರು ಹಾಯಿಸಿದ ನೀರು ಒಣಗಿ ನೆಲದ ಮೇಲೆ ಕಪ್ಪು ಗೆರೆ ಎಳೆದಿತ್ತು.

"ಏನ್ ನೋಡ್ತೀರಾ?" ಎಂದಳು ತಂಗಿ. "ನಿಮ್ಮ ತಮ್ಮನ ಕೈಚಳಕಾನಾ? ಅಲ್ಲಿ ಮಲಗಿದ್ದ ನಮ್ಮಣ್ಣ. ಊಟ ಮಾಡಿ ಅರ್ಧ ಗಂಟೆ ಕಣ್ಣು ಮುಚ್ತೀನಿ ಅಂದವನು ಏಳಲೇ ಇಲ್ಲ."

ಅದಕ್ಕೆ ಉತ್ತರ ಕೊಟ್ಟರೆ ಇಬ್ಬರೂ ಅಳುತ್ತಾ ಕೂತುಬಿಡುತ್ತಿದ್ದೆವು.

ಮೊದಲು ನೋಡಿದ್ದು ಚಾರ್ಜರನ್ನು. ಅದು ಸ್ವಿಚ್ಚಿನಲ್ಲಿರಲಿಲ್ಲ. ಬಾಗಿಲ ಹಿಂದಿನ ಮೊಳೆಗೆ, ವೈರು ಅಚ್ಚುಕಟ್ಟಾಗಿ ಸುತ್ತಿ, ತೂಗುಹಾಕಿತ್ತು. ಬಿಸಿಗೆ ಪ್ಲಾಸ್ಟಿಕ್ಕು ಜೋಲುಬಿದ್ದಿತ್ತು, ಅಷ್ಟೇ. ಪಕ್ಕದಲ್ಲೇ ಅರ್ಧ ಸುಟ್ಟ ಒಂದು ಕಾಗದ, ಅವರದೇ ಅಕ್ಷರ: "ಇಪ್ಪತ್ತಕ್ಕೆ ಹಾಕು. ಎಂಬತ್ತಕ್ಕೆ ತೆಗೆ."

ಅದು ನಾನೇ ಹೇಳಿಕೊಟ್ಟ ಪಾಠ. ನೂರರಲ್ಲಿ ತೊಂಬತ್ತು ಜನ ಲ್ಯಾಪ್‌ಟಾಪನ್ನು ಹಾಸಿಗೆ ಮೇಲಿಟ್ಟು, ಗಾಳಿ ಹೋಗುವ ತೂತು ಮುಚ್ಚಿ, ಹಗಲೂ ಇರುಳೂ ಚಾರ್ಜಿಗೆ ಹಾಕಿ, ಬ್ಯಾಟರಿ ಉಬ್ಬಿದ ಮೇಲೆ ಅಂಗಡಿಗೆ ಬಂದು ನಮ್ಮ ಮೇಲೆ ಹರಿಹಾಯುತ್ತಾರೆ. ಈ ಮನುಷ್ಯನೂ ಐದು ವರ್ಷ ಹಾಗೇ ಮಾಡಿ ಹಳೆಯ ಬ್ಯಾಟರಿಯನ್ನು ದಿಂಬಿನ ಹಾಗೆ ಉಬ್ಬಿಸಿಕೊಂಡು ಬಂದಿದ್ದರು. ಬೈದೆ. ತಲೆ ಬಗ್ಗಿಸಿ ಬೈಗುಳ ಕೇಳಿ, ಮನೆಗೆ ಹೋಗಿ ಗೋಡೆಗೆ ಬರೆದು ಅಂಟಿಸಿಕೊಂಡಿದ್ದಾರೆ. ಅಂಥ ಗಿರಾಕಿ ನಮಗೆ ಇನ್ನೊಬ್ಬರು ಸಿಕ್ಕಿರಲಿಲ್ಲ.

"ಬೆಂಕಿ ಬಿದ್ದಾಗ ಲ್ಯಾಪ್‌ಟಾಪ್ ಚಾರ್ಜ್ ಆಗ್ತಿರಲಿಲ್ಲ," ಎಂದೆ.

"ಆದ್ರೇನು?"

"ಆರಿಸಿಟ್ಟ ಲ್ಯಾಪ್‌ಟಾಪು, ಚಾರ್ಜರೂ ಹಾಕಿಲ್ಲ. ಹೊಸ ಬ್ಯಾಟರಿ ಸುಮ್ಮಸುಮ್ಮನೆ ಹೊತ್ಕೊಳ್ಳಲ್ಲ ತಾಯಿ."

"ಪೊಲೀಸ್ರು ಹೊತ್ಕೊಂಡಿದೆ ಅಂದ್ರಲ್ಲ."

"ಪೊಲೀಸ್ರು ಮೇಜಿನ ಮೇಲೆ ನೋಡಿದ್ದಾರೆ. ಕೆಳಗೆ ನೋಡಿಲ್ಲ."

ಮಂಡಿಯೂರಿ ಮೇಜಿನ ಕೆಳಗೆ ತೂರಿದೆ. ಮಂಡಿ ನೋವಿಗೆ ಪ್ರಾಣ ಹೋದ ಹಾಗಾಯಿತು. ಟಾರ್ಚು ಬಿಟ್ಟು ನೋಡಿದೆ. ಮೇಜಿನ ಹಲಗೆಯ ಮೇಲ್ಭಾಗ ಬರೀ ಕಪ್ಪಾಗಿತ್ತು. ಕೆಳಭಾಗ ಬೆರಳು ಹೋಗುವಷ್ಟು ಆಳ ಸುಟ್ಟು ಹಾಳಾಗಿತ್ತು. ಬೆಂಕಿ ಮೇಲಿನಿಂದ ಕೆಳಗೆ ಬಂದಿರಲಿಲ್ಲ. ಡ್ರಾಯರಿನಿಂದ ಎದ್ದು ಮೇಲಕ್ಕೆ ಹೋಗಿತ್ತು.

"ಈ ಡ್ರಾಯರಲ್ಲಿ ಏನಿತ್ತು?"

ತಂಗಿ ಕಿಟಕಿಯ ಕಡೆ ಮುಖ ತಿರುಗಿಸಿದಳು. "ಕಾಗದ. ಅವನ ಹಸ್ತಪ್ರತಿ. ಇನ್ನೇನಿರತ್ತೆ?"

ಡ್ರಾಯರಿನ ತಳ ಒಡೆದು ಕೆಳಗೆ ಬೂದಿಯ ಗುಡ್ಡೆ ಬಿದ್ದಿತ್ತು. ಸೆರಗನ್ನು ಮೂಗಿಗೆ ಕಟ್ಟಿಕೊಂಡು ಕೈಹಾಕಿದೆ. ಕಾಗದದ ಬೂದಿ ಮೆತ್ತಗಿರುತ್ತದೆ. ಅದರೊಳಗೆ ಬೆರಳಿಗೆ ಏನೋ ಗಟ್ಟಿ ಸಿಕ್ಕಿತು. ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಕೂತ ತಾಮ್ರದ ತಗಡಿನ ಕಟ್ಟು. ಒಂದು. ಎರಡು. ಮೂರು. ಇನ್ನೂ ಕೆದಕಿದೆ. ನಾಲ್ಕು.

"ಏನದು?" ತಂಗಿ ಈಗ ಬಾಗಿಲು ಬಿಟ್ಟು ಹತ್ತಿರ ಬಂದಿದ್ದಳು.

"ಬ್ಯಾಟರಿ ಒಳಗೆ ಸೆಲ್ ಅಂತ ಇರತ್ತೆ. ಒಂದೊಂದು ಸೆಲ್ಲಲ್ಲೂ ತಾಮ್ರದ ಹಾಳೆ, ಅಲ್ಯುಮಿನಿಯಂ ಹಾಳೆ. ಸೆಲ್ ತಾನೇ ಒಳಗಿಂದ ಹೊತ್ಕೊಂಡು ಉರಿದ್ರೆ ಅಲ್ಯುಮಿನಿಯಂ ಕರಗಿ ಹೋಗತ್ತೆ, ತಾಮ್ರ ಮಾತ್ರ ಉಳಿಯತ್ತೆ. ಇದು ಹಾಗೆ ಉರಿದಿದ್ದು." ಮಾತು ಬಾಯಿಂದ ತಡವರಿಸಿಕೊಂಡು ಬರುತ್ತಿತ್ತು. "ನಿಮ್ಮಣ್ಣನ ಲ್ಯಾಪ್‌ಟಾಪಿಗೆ ನಾಲ್ಕೇ ಸೆಲ್. ಆ ನಾಲ್ಕು ಪೊಲೀಸರ ಹತ್ರ ಇದ್ರೆ, ಈ ನಾಲ್ಕು ಯಾವುದರದ್ದು?"

ನಾನು ಮತ್ತೆ ಬೂದಿಗೆ ಕೈಹಾಕಿದೆ. ಆಗ ಸಿಕ್ಕಿತು, ಬೆರಳಗಲದ ನಿಕ್ಕಲ್ ಪಟ್ಟಿ. ಸೆಲ್ಲುಗಳನ್ನು ಒಂದಕ್ಕೊಂದು ಜೋಡಿಸುವ ಪಟ್ಟಿ ಅದು, ಇಷ್ಟು ಬೆಂಕಿಗೆಲ್ಲ ಜಗ್ಗುವುದಿಲ್ಲ. ಸೆರಗಿನಿಂದ ಉಜ್ಜಿ ಬೆಳಕಿಗೆ ಹಿಡಿದೆ. ಸೂಜಿಯಲ್ಲಿ ಗೀರಿದ ಮೂರು ಅಂಕಿ: ೩೧೨.

ಆ ಕೈ ನನಗೆ ಗೊತ್ತು. ನನ್ನ ತಮ್ಮ ಹೊಸ ಬ್ಯಾಟರಿಯ ಮೇಲೆ ಗೀರುವುದಿಲ್ಲ. ಉಬ್ಬಿದ ಹಳೆಯ ಬ್ಯಾಟರಿ ಬಂದರೆ ಮೊದಲು ಅದರ ಚಾರ್ಜನ್ನೆಲ್ಲ ಇಳಿಸಿ ಖಾಲಿ ಮಾಡುತ್ತಾನೆ. ಆಮೇಲೆ ಪಟ್ಟಿಯ ಮೇಲೆ ಕೆಲಸದ ನಂಬರು ಗೀರಿ, ಹಿಂದಿನ ಕೋಣೆಯ ಮರಳು ತುಂಬಿದ ತಗಡಿನ ಡಬ್ಬದಲ್ಲಿ ಹೂಳುತ್ತಾನೆ. ತಿಂಗಳಿಗೊಮ್ಮೆ ವಿಲೇವಾರಿಯವರು ಬಂದು ಒಯ್ಯುತ್ತಾರೆ. ಮುನ್ನೂರ ಹನ್ನೆರಡು ಎಂದರೆ ಅನುವಾದಕರದೇ ಹಳೆಯ ಬ್ಯಾಟರಿ. ಅದು ಇರಬೇಕಾದದ್ದು ನಮ್ಮ ಡಬ್ಬದಲ್ಲಿ.

"ಕದ್ದಿದ್ದಾರೆ!" ಎಂದು ಕೂಗಿಯೇಬಿಟ್ಟೆ. "ನಮ್ಮ ಅಂಗಡಿಯಿಂದ ಯಾರೋ ಕದ್ದು ತಂದು ಇಲ್ಲಿಟ್ಟಿದ್ದಾರೆ. ನನ್ನ ತಮ್ಮ ಹಾಕಿದ್ದಲ್ಲ ಇದು! ನೋಡಿ, ನೋಡಿ ತಾಯಿ!"

ಸಂತೋಷಕ್ಕೆ ಅವಳ ಕೈ ಹಿಡಿದುಕೊಂಡೆ. ಅಣ್ಣ ಸತ್ತ ಮನೆಯಲ್ಲಿ ಹಾಗೆ ಹಿಗ್ಗಿದ್ದಕ್ಕೆ ಆಮೇಲೆ ನಾಚಿಕೆಯಾಯಿತು. ಅವಳ ಕೈ ಮಾತ್ರ ತಣ್ಣಗಿತ್ತು. ಮುಖ ಬಿಳುಚಿಕೊಂಡಿತ್ತು.

"ನಾನೂ ಸ್ಟೇಷನ್ನಿಗೆ ಬರ್ತೀನಿ," ಎಂದಳು. "ನೀವು ಅಲ್ಲಿ ಏನು ಹೇಳ್ತೀರೋ ನನ್ನ ಕಿವಿಯಲ್ಲೇ ಕೇಳ್ಬೇಕು."

ಬಿಸ್ಕತ್ತಿನ ಡಬ್ಬಿಯೊಂದನ್ನು ಖಾಲಿ ಮಾಡಿ ಕೊಟ್ಟಳು. ತಾಮ್ರವನ್ನೂ ಪಟ್ಟಿಯನ್ನೂ ಅದರಲ್ಲಿ ತುಂಬಿ ಎದೆಗವಚಿಕೊಂಡೆ. ಆಟೋದಲ್ಲಿ ಅವಳು ತನ್ನ ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ನಾನು ದಾರಿಯುದ್ದಕ್ಕೂ ಆಟೋದವನಿಗೆ ಬೇಗ ಹೋಗಪ್ಪ, ಬೇಗ ಹೋಗಪ್ಪ ಎಂದು ಜೀವ ತಿಂದೆ.

ಸ್ಟೇಷನ್ ಮುಟ್ಟಿದಾಗ ಎರಡೂ ಐವತ್ತು.

ಇನ್‌ಸ್ಪೆಕ್ಟರ್ ಊಟದ ಡಬ್ಬಿ ಮುಚ್ಚುತ್ತಿದ್ದರು. ನನ್ನನ್ನು ಕಂಡದ್ದೇ ಹಣೆ ಒತ್ತಿಕೊಂಡರು. "ಮತ್ತೆ ಬಂದ್ರಾ ಅಮ್ಮ? ಬೆಳಿಗ್ಗೆಯಿಂದ ಇದು ನಾಲ್ಕನೇ ಸಲ."

"ಅವನ ಸಹಿ ತಗೊಂಡ್ರಾ?"

"ಇನ್ನೂ ಇಲ್ಲ. ಬರೆದು ಮುಗಿದಿದೆ. ಹೊರಡೋ ಮುಂಚೆ ಹಾಕ್ತಾನೆ."

"ಹಾಕಿಸ್ಬೇಡಿ. ನಿಮಗೆ ಕೈ ಮುಗೀತೀನಿ, ಹಾಕಿಸ್ಬೇಡಿ. ಆ ಲ್ಯಾಪ್‌ಟಾಪ್ ತನ್ನಿ. ಕೆಳಗಿನ ತಗಡು ಬಿಚ್ಚಿಸಿ. ನಿಮ್ಮ ಕಣ್ಣೆದುರೇ ಬಿಚ್ಚಲಿ. ಒಳಗೆ ಬರೀ ತಾಮ್ರ ಇದ್ರೆ ನಾನು ಬಾಯಿ ಮುಚ್ಕೊಂಡು ಮನೆಗೆ ಹೋಗ್ತೀನಿ."

ಸತ್ತವರ ತಂಗಿಯೇ ನನ್ನ ಪಕ್ಕ ನಿಂತಿದ್ದಕ್ಕೋ, ಡಬ್ಬಿಯೊಳಗಿನದನ್ನು ನೋಡಿ ಕುತೂಹಲ ಹುಟ್ಟಿದ್ದಕ್ಕೋ, ಅವರು ಒಪ್ಪಿದರು. "ಜಾಗದಿಂದ ವಸ್ತು ತೆಗೆದಿದ್ದಕ್ಕೆ ನಿಮ್ಮ ಮೇಲೂ ಕೇಸ್ ಹಾಕ್ಬೇಕು" ಎಂದು ಗೊಣಗುತ್ತಲೇ ಲ್ಯಾಪ್‌ಟಾಪ್ ತರಿಸಿದರು. ತಮ್ಮನನ್ನೂ ಕರೆತಂದರು.

ಮೂರು ದಿನದ ಗಡ್ಡ. ಡಬ್ಬಿಯತ್ತ ಒಮ್ಮೆ ನೋಡಿ, "ಅಕ್ಕ, ಬೇಡ," ಎಂದ. "ಇದನ್ನೆಲ್ಲ ಬಿಟ್ಟುಬಿಡು. ದಮ್ಮಯ್ಯ ಅಂತೀನಿ."

"ನೀನು ಸುಮ್ನಿರೋ, ಪೆದ್ದ ಮುಂಡೇದೆ."

ಕಾನ್‌ಸ್ಟೆಬಲ್ ಸ್ಕ್ರೂಗಳನ್ನು ಬಿಚ್ಚಲಾಗದೆ ತಗಡನ್ನೇ ಮೀಟಿ ತೆಗೆದ. ಒಳಗೆ ನಾಲ್ಕು ಸೆಲ್. ಹೊರಗಿನ ಬಿಸಿಗೆ ಸ್ವಲ್ಪ ಊದಿಕೊಂಡಿದ್ದವು, ಕಪ್ಪಾಗಿದ್ದವು. ಆದರೆ ಬೆಳ್ಳಿ ಬಣ್ಣದ ಚೀಲ ನಾಲ್ಕಕ್ಕೂ ಇನ್ನೂ ಮೈಮೇಲಿತ್ತು. ಒಂದೂ ಒಳಗಿಂದ ಉರಿದಿರಲಿಲ್ಲ.

"ಎಣಿಸಿ ಸಾರ್," ಎಂದೆ. ನನ್ನ ಧ್ವನಿ ನನಗೇ ದೊಡ್ಡದಾಗಿ ಕೇಳಿಸಿತು. "ಇಲ್ಲಿ ನಾಲ್ಕು. ಡಬ್ಬಿಯಲ್ಲಿ ನಾಲ್ಕು. ಎಂಟು! ಬೆಂಕಿ ಬಿದ್ದಿದ್ದು ಈ ಲ್ಯಾಪ್‌ಟಾಪಿಂದ ಅಲ್ಲ, ಡ್ರಾಯರಲ್ಲಿದ್ದ ಬೇರೆ ಬ್ಯಾಟರಿಯಿಂದ. ನನ್ನ ತಮ್ಮನ ಕೆಲಸದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ."

ಇನ್‌ಸ್ಪೆಕ್ಟರ್ ನಿಜವಾಗಿಯೂ ಎಣಿಸಿದರು. ಎರಡು ಸಲ ಎಣಿಸಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು. "ಆ ಬೇರೆ ಬ್ಯಾಟರಿ ಯಾರದ್ದು?"

"ಈ ಪಟ್ಟಿ ನೋಡಿ. ಮುನ್ನೂರ ಹನ್ನೆರಡು. ಇವರಣ್ಣನ ಹಳೇ ಬ್ಯಾಟರಿ. ನಮ್ಮ ಮರಳಿನ ಡಬ್ಬದಿಂದ ಯಾರೋ ಕದ್ದಿದ್ದಾರೆ."

"ಹಳೇ ಬ್ಯಾಟರಿ ತಾನಾಗೇ ಉರಿಯತ್ತಾ?"

"ಛೇ, ಸುತರಾಂ ಇಲ್ಲ. ನಾವು ಖಾಲಿ ಮಾಡಿಟ್ಟಿರ್ತೀವಿ. ಖಾಲಿ ಬ್ಯಾಟರಿ ಉರಿದ್ರೂ ಹೀಗೆ ಉರಿಯಲ್ಲ, ಪುಸ್ ಅಂತ ಹೊಗೆ ಬಿಟ್ಟು ತಣ್ಣಗಾಗತ್ತೆ. ಹೀಗೆ ತಾಮ್ರ ಬಿಟ್ಟು ಇನ್ನೇನೂ ಉಳಿಯದ ಹಾಗೆ ಉರೀಬೇಕಾದ್ರೆ ಯಾರೋ ಮತ್ತೆ ಪೂರ್ತಿ ಚಾರ್ಜ್ ತುಂಬಿಸಿರ್ಬೇಕು. ಉಬ್ಬಿದ್ದು, ತುಂಬಿದ್ದು, ಅದಕ್ಕೆ ಕಾರಣವೇ ಬೇಡ, ಡ್ರಾಯರ್ ಜೋರಾಗಿ ತಳ್ಳಿದ್ರೂ ಸಾಕು."

"ಹಾಗೆ ತುಂಬಿಸೋದು ಯಾರಿಗಾದ್ರೂ ಬರತ್ತಾ? ನನಗೆ ಬರತ್ತಾ?"

"ನಿಮಗೆಲ್ಲಿಂದ ಬರತ್ತೆ ಸಾರ್! ಸತ್ತ ಬ್ಯಾಟರಿಗೆ ಜೀವ ಕೊಡೋದು ಅಂದ್ರೆ ಹುಡುಗಾಟನಾ? ವರ್ಷಗಟ್ಟಲೆ ಪಳಗಿದ ಕೈ ಬೇಕು. ಅದಕ್ಕೆ ಬೇರೆ ಯಂತ್ರ ಬೇಕು. ಈ ಊರಲ್ಲಿ ಅದು ಬರೋದು..."

ನಾಲಿಗೆ ಕಚ್ಚಿಕೊಂಡೆ. ತಡವಾಗಿತ್ತು.

"ಹೇಳಿ ಅಮ್ಮ. ಈ ಊರಲ್ಲಿ ಅದು ಬರೋದು?"

ತಮ್ಮ ಕಣ್ಣು ಮುಚ್ಚಿಕೊಂಡಿದ್ದ.

"ಅಂಗಡಿಯ ಬೀಗ ಒಡೆದಿತ್ತಾ?" ಎಂದು ಕೇಳಿದರು ಇನ್‌ಸ್ಪೆಕ್ಟರ್.

"ಇಲ್ಲ."

"ಬೀಗದ ಕೈ ಎಷ್ಟು?"

"ಎರಡು."

"ಒಂದು ನಿಮ್ಮ ಹತ್ರ. ಇನ್ನೊಂದು?"

ನಾನು ತಮ್ಮನ ಕಡೆ ನೋಡಿದೆ. ಹೇಳುವ ಅಗತ್ಯವೂ ಇರಲಿಲ್ಲ. ಅವರು ಕಡತ ತೆರೆದು, ತಪ್ಪೊಪ್ಪಿಗೆಯ ಹಾಳೆಯನ್ನು ಹೊರಗೆಳೆದು, ಮಡಿಸಿ ಮೇಜಿನಂಚಿಗೆ ಸರಿಸಿದರು. "ಇದಿನ್ನು ಬೇಕಾಗಿಲ್ಲ. ಇದು ನಿರ್ಲಕ್ಷ್ಯದ ಕೇಸಲ್ಲ. ಕೊಲೆ."

ಅಯ್ಯೋ ದೇವರೇ, ನಾನೇನು ಮಾಡಿಬಿಟ್ಟೆ! ಒಂದೆರಡು ವರ್ಷದಲ್ಲಿ ಮುಗಿಯುತ್ತಿದ್ದ ಶಿಕ್ಷೆಯನ್ನು ನಾನೇ ಡಬ್ಬಿಯಲ್ಲಿ ತುಂಬಿಕೊಂಡು ಬಂದು ಜೀವಾವಧಿ ಮಾಡಿಕೊಟ್ಟಿದ್ದೆ. ಬೂದಿ ಹತ್ತಿದ ಕೈಯಲ್ಲೇ ಆ ಹಾಳೆಗೆ ಬಾಚಿದೆ. "ಹಾಕ್ತಾನೆ ಸಾರ್, ಸಹಿ ಹಾಕ್ತಾನೆ! ಪೆನ್ನು ಕೊಡಿ! ಲೋ, ಸಹಿ ಹಾಕೋ!"

ಇನ್‌ಸ್ಪೆಕ್ಟರ್ ಹಾಳೆಯನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡರು. ಆ ಮೆಲ್ಲಗಿನ ಬಿಡಿಸುವಿಕೆಗೇ ನನಗೆ ಅಳು ಬಂತು.

ತಮ್ಮನ ಭುಜ ಹಿಡಿದು ಅಲ್ಲಾಡಿಸಿದೆ. "ಬಾಯಿ ಬಿಡೋ! ನೀನು ತೆಗೆದಿಲ್ಲ ಅಂತ ಹೇಳೋ! ಯಾಕೋ ಹೀಗೆ ಕಲ್ಲಿನ ಹಾಗೆ ಕೂತಿದ್ದೀಯಾ?"

"ತೆಗೆದಿದ್ದು ನಾನೇ ಅಕ್ಕ."

"ಏನಂದೆ?"

"ತೆಗೆದಿದ್ದೂ ನಾನೇ, ಚಾರ್ಜ್ ತುಂಬಿಸಿದ್ದೂ ನಾನೇ. ಇನ್ನು ಕೇಳ್ಬೇಡ."

"ಯಾಕೋ? ಯಾಕೆ ತುಂಬಿಸಿದೆ? ಉಬ್ಬಿದ ಬ್ಯಾಟರಿಗೆ ಚಾರ್ಜ್ ಹಾಕ್ಬಾರ್ದು ಅಂತ ಲೋಕಕ್ಕೆಲ್ಲ ಹೇಳೋನು ನೀನು!"

ಅವನು ನನ್ನ ಮುಖ ನೋಡಿದ. ಅಷ್ಟು ದಿನದಲ್ಲಿ ಮೊದಲ ಸಲ ನೆಟ್ಟಗೆ ನೋಡಿದ. ಕಣ್ಣಲ್ಲಿ ನೀರಿತ್ತು.

"ನೀನೇ ಅಲ್ವಾ ಚೀಟಿ ಕಳಿಸಿದ್ದು?"

ನಮ್ಮ ಅಂಗಡಿಯಲ್ಲಿ ಎಲ್ಲವೂ ಚೀಟಿಯಲ್ಲೇ ನಡೆಯುವುದು. ಅವನು ಹಿಂದಿನ ಕೋಣೆಯಲ್ಲಿ ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು ಕೂತಿರುತ್ತಾನೆ, ಮಾತಾಡಿಸಿದರೆ ಕೈ ಅಲುಗುತ್ತದೆ. ನಾನು ಮುಂದಿನಿಂದ ಬರೆದು ಕಿಂಡಿಯಲ್ಲಿಡುತ್ತೇನೆ, ಊರಲ್ಲಿಲ್ಲದ ದಿನ ಯಾರ ಕೈಯಲ್ಲಾದರೂ ಕಳಿಸುತ್ತೇನೆ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಒಂದು ಚೀಟಿಗೂ ಅವನು ಯಾಕೆ ಎಂದು ಕೇಳಿದವನಲ್ಲ.

"ಏನು ಬರೆದಿತ್ತು?" ಎಂದರು ಇನ್‌ಸ್ಪೆಕ್ಟರ್.

"ಮುನ್ನೂರ ಹನ್ನೆರಡಕ್ಕೆ ಪೂರ್ತಿ ಚಾರ್ಜ್ ತುಂಬಿಸಿ ಈ ಚೀಟಿ ತಂದವರ ಕೈಲಿ ಕೊಡು, ಬೆಂಕಿ ಆರಿಸೋ ತರಬೇತಿಯವರಿಗೆ ತೋರಿಸೋಕೆ ಬೇಕಂತೆ ಅಂತ. ಹೋದ ವರ್ಷ ಅವರಿಗೆ ಕೊಟ್ಟಿದ್ವಿ, ಹಾಗೇ ಅಂದ್ಕೊಂಡೆ. ಅಕ್ಕ ಊರಲ್ಲಿರಲಿಲ್ಲ, ಹೆಲ್ಮೆಟ್ ಹಾಕ್ಕೊಂಡಿದ್ದವನೊಬ್ಬ ಚೀಟಿ ತಂದಿದ್ದ. ಮುಖ ನೋಡ್ಲಿಲ್ಲ. ಮರಳು ತುಂಬಿದ ಡಬ್ಬಿಯಲ್ಲಿಟ್ಟೇ ಕೊಟ್ಟೆ ಸಾರ್, ಹುಷಾರು ಅಂತಾನೂ ಹೇಳಿದೆ."

"ಚೀಟಿ ಎಲ್ಲಿ?"

"ಬೆಂಕಿ ಬಿದ್ದ ಸುದ್ದಿ ಬಂದ ತಕ್ಷಣ ಸುಟ್ಟುಹಾಕಿದೆ." ಅವನು ನನ್ನನ್ನೇ ನೋಡುತ್ತಿದ್ದ. "ನಿನ್ನ ಅಕ್ಷರ ಇತ್ತಲ್ಲ ಅಕ್ಕ. ನೀನೇನೋ ಗೊತ್ತಿಲ್ಲದೆ ಎಡವಟ್ಟು ಮಾಡ್ಕೊಂಡಿದ್ದೀಯ ಅಂದ್ಕೊಂಡೆ. ಹೊಸ ಬ್ಯಾಟರಿದೇ ತಪ್ಪು ಅಂತ ನಾನು ಒಪ್ಕೊಂಡ್ರೆ ಹಳೇದನ್ನ ಯಾರೂ ಹುಡುಕಲ್ಲ ಅಂತ..."

ಪಾಪಿ, ಮೂರು ದಿನದಿಂದ ಅವನು ಕಾಪಾಡುತ್ತಿದ್ದದ್ದು ನನ್ನನ್ನು.

"ನಾನು ಬರೀಲಿಲ್ಲ ಕಣೋ," ಎಂದೆ. "ನಿನ್ನಾಣೆ, ನಾನು ಬರೀಲಿಲ್ಲ."

"ಸುಟ್ಟುಹೋದ ಚೀಟಿ, ಮುಖ ಕಾಣದ ಹೆಲ್ಮೆಟ್," ಎಂದರು ಇನ್‌ಸ್ಪೆಕ್ಟರ್. "ಇದನ್ನ ನ್ಯಾಯಾಧೀಶರು ನಂಬ್ತಾರಾ?"

"ಇನ್ನೊಂದು ಚೀಟಿ ಇದೆ," ಎಂದಳು ಅನುವಾದಕರ ತಂಗಿ.

ಎಲ್ಲರೂ ತಿರುಗಿದೆವು. ಅವಳು ಕೈಚೀಲದಿಂದ ಮಡಿಸಿದ ಹಾಳೆಯೊಂದನ್ನು ತೆಗೆದಳು.

"ಆವತ್ತು ಬೆಳಿಗ್ಗೆ ಇವರ ಅಂಗಡಿ ಹೆಸರಲ್ಲಿ ಒಂದು ಕವರ್ ಬಂತು. ಒಳಗೇನಿದೆ ಅಂತ ನನಗೆ ಗೊತ್ತಿರಲಿಲ್ಲ. ಜೊತೆಗೆ ಇದಿತ್ತು. ಇದ್ರಲ್ಲಿ ಬರೆದ ಹಾಗೇ ಡ್ರಾಯರಲ್ಲಿ ಇಟ್ಟಿದ್ದು ನಾನು. ನನ್ನ ಕೈಯಾರೆ ಇಟ್ಟಿದ್ದು." ನನ್ನತ್ತ ಬೆರಳು ತೋರಿದಳು. "ಮಧ್ಯಾಹ್ನ ಇವರು ಬೂದಿಯಿಂದ ಅದನ್ನ ತೆಗೆದಾಗಲೇ ನನಗೆ ಅರ್ಥ ಆಯ್ತು. ಪೊಲೀಸರ ಮುಂದೆ ಏನು ನಾಟಕ ಆಡ್ತಾರೋ ನೋಡೋಣ ಅಂತ ಸುಮ್ನಿದ್ದೆ."

ಇನ್‌ಸ್ಪೆಕ್ಟರ್ ಹಾಳೆ ಬಿಡಿಸಿ ನನ್ನ ಮುಂದಿಟ್ಟರು.

"ನಿಮ್ಮ ಹಳೆಯ ಸಾಮಾನು ವಾಪಸ್ ಕಳಿಸಿದ್ದೇವೆ. ಕವರ್ ಬಿಚ್ಚಬೇಡಿ. ಬಿಸಿಲಿಗೆ ಇಡಬೇಡಿ. ಬರೆಯುವ ಮೇಜಿನ ಡ್ರಾಯರಿನಲ್ಲಿಡಿ. – ಅಕ್ಕ."

ಆ ದುಂಡು ಅಕ್ಷರ, ಸಾಲು ಮೇಲಕ್ಕೆ ಹತ್ತುವ ರೀತಿ, ಅಕ್ಕ ಎಂದು ಬರೆದು ಕೆಳಗೆ ಎಳೆಯುವ ಗೆರೆ. ನನ್ನ ಕೈಯೇ ಬರೆದ ಹಾಗಿತ್ತು. ನಾನು ಬರೆದಿರಲಿಲ್ಲ.

"ಸರಿಯಾಗಿ ಯೋಚನೆ ಮಾಡಿ ಹೇಳಿ," ಎಂದರು ಇನ್‌ಸ್ಪೆಕ್ಟರ್. "ಇದು ನಿಮ್ಮ ಚೀಟಿ ಆದ್ರೆ ನಿಮ್ಮ ತಮ್ಮ ಹೇಳಿದ್ದು ನಿಜ. ಅಕ್ಕ ಹೇಳಿದ ಹಾಗೆ ಕೇಳಿದ ಅಮಾಯಕ ಅವನು. ಅಲ್ಲ ಅಂದ್ರೆ, ನಿಮ್ಮ ಅಕ್ಷರ ನಕಲು ಮಾಡಿದವನೂ ಅವನೇ, ಹೇಳಿದ್ದೆಲ್ಲ ಕಟ್ಟುಕತೆ ಅಂತ ಬರ್ಕೊಂಡು ಈಗ ನಾಲ್ಕು ಗಂಟೆಗೆ ಅವನನ್ನೇ ಕೊಲೆಗಾರ ಅಂತ ನ್ಯಾಯಾಧೀಶರ ಮುಂದೆ ನಿಲ್ಲಿಸ್ತೀನಿ."

ಗೋಡೆಯ ಗಡಿಯಾರದಲ್ಲಿ ಮೂರೂ ಮುಕ್ಕಾಲು.

ತಮ್ಮ ಕುರ್ಚಿಯಿಂದ ಅರ್ಧ ಎದ್ದ. "ಅಲ್ಲ ಅನ್ನು ಅಕ್ಕ! ಬೇಡ! ಅಲ್ಲ ಅನ್ನು!"

ಕಾನ್‌ಸ್ಟೆಬಲ್ ಅವನ ಭುಜ ಒತ್ತಿ ಕೂರಿಸಿದ.

"ಇದು ನಿಮ್ಮ ಚೀಟಿನಾ?"

"ಹೌದು," ಎಂದೆ. "ಎರಡನ್ನೂ ಬರೆದವಳು ನಾನೇ."